ಕಂಬಿಯೊಳಗಿನ ಗಂಗವ್ವ

ನಮ್ಮ ಮನೆ ಪುಣೆಯಲ್ಲಿ, ಮುಠಾ ನದಿಯ ದಂಡೆಗೆ. ಹಿಂದೆಲ್ಲ ವಿಳಾಸ ಹೇಳಿದರೆ ಜನ ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗ ಪ್ರತಿ ಭಾನುವಾರ ಟಿಕೆಟ್ ತೆಗೆಸಿಕೊಂಡು ನೋಡಲು ಬರುತ್ತಾರೆ. ನದಿಯ ವಾಸನೆ ಮಾತ್ರ ಅದೇ; ಬಹುಶಃ ಅದೂ ಪರಂಪರೆಗೆ ಸೇರಿರಬೇಕು.

ಅವರನ್ನು ಕರೆತರುವ ಗೈಡ್ ಮಹಾ ಜಾಣ. ಯಾವ ಮುರುಕು ಗೋಡೆ ಕಂಡರೂ ಪೇಶ್ವೆಗಳ ಕಾಲಕ್ಕೆ ಒಯ್ದು ಮುಟ್ಟಿಸುತ್ತಾನೆ. ಪುಣ್ಯಾತ್ಮ, ನಮ್ಮ ಗಂಗವ್ವನನ್ನೂ ಬಿಡಲಿಲ್ಲ.

ನಮ್ಮದು ಕಲಬುರಗಿ ಕಡೆಯ ಪದ್ಧತಿ. ಬಾಣಂತಿ ಮೊದಲ ಸಲ ನೀರಿಗೆ ಹೋದಾಗ ದಂಡೆಯಲ್ಲಿ ಗಂಗವ್ವನೆಂದು ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಅರಿಶಿನ ಕುಂಕುಮ ಏರಿಸಿ ಗಂಗಿಪೂಜೆ ಮಾಡಿ, ಕೊಡ ತುಂಬಿಕೊಂಡು ಬರಬೇಕು. ಇಲ್ಲದಿದ್ದರೆ ಎದೆಹಾಲು ಬತ್ತುತ್ತದೆಂದು ಅವ್ವನ ಭಯ. ಅಕ್ಕನ ಬಾಣಂತನದಲ್ಲಿ ಅವ್ವ ಇದನ್ನು ಘಾಟಿನ ಮೆಟ್ಟಿಲ ಮೇಲೆ ಮಾಡಿದಳು. ಕಲ್ಲು ತಂದವನು ಗೌಂಡಿ ಕೆಲಸದ ನಮ್ಮಪ್ಪ, ಮಗರಪಟ್ಟಾದಲ್ಲಿ ಏಳುತ್ತಿದ್ದ ಟವರಿನ ಬುಡದಿಂದ. ಪೂಜೆಯಾದ ಮೇಲೆ ಅಲ್ಲೇ ಬಿಟ್ಟು ಬಂದೆವು.

ಮರುವರ್ಷ ನನ್ನ ಸರದಿ ಬರುವಷ್ಟರಲ್ಲಿ ಆ ಕಲ್ಲುಗಳ ಸುತ್ತ ಕಬ್ಬಿಣದ ಕಂಬಿ, ಪಕ್ಕದಲ್ಲಿ ‘ಪ್ರಾಚೀನ ಜಲದೇವಿ’ ಎಂಬ ಫಲಕ. ಕಾಯಲು ವಾಚ್‌ಮನ್ ಬೇರೆ!

ನನಗೆ ಮೊದಲೇ ಹಾಲು ಕಡಿಮೆ. ಅವ್ವ ಅರಿಶಿನ, ಕೊಡ ಹಿಡಿದು ಮುಂದೆ ಹೋದಳು. ವಾಚ್‌ಮನ್ ಕೈ ಅಡ್ಡ ಹಿಡಿದ. “ಮಾವಶಿ, ಹಾತ್ ಲಾವೂ ನಕಾ. ಜುನೀ ದೇವಿ ಆಹೆ.” ಮುಟ್ಟಬಾರದಂತೆ, ಹಳೆಯ ದೇವಿಯಂತೆ. ಬೇರೆಡೆ ಹೊಸ ಕಲ್ಲಿಡೋಣವೆಂದರೆ ದಂಡೆ ಹೊಲಸಾಗುತ್ತದಂತೆ.

ನನಗೆ ಮೈಯೆಲ್ಲ ಉರಿಯಿತು. “ನಮ್ಮಪ್ಪ ತಂದ ಕಲ್ಲ ಅವು...” ಎನ್ನುವಷ್ಟರಲ್ಲಿ ಅವ್ವ ರಟ್ಟೆ ಚಿವುಟಿದಳು.

“ಬಾಯಿ ಮುಚ್ಚ ನೀ. ಖರೇ ಗೊತ್ತಾದ್ರ ಕಿತ್ತು ಹೊಳಿಗೆ ಒಗೀತಾರ. ನಿಮ್ಮಕ್ಕಗ ಹಾಲು ಕೊಟ್ಟಾಕಿ ಅದಾಳ ಅಲ್ಲಿ.”

ಕೊನೆಗೆ ಕಂಬಿಗೇ ಕುಂಕುಮ ಹಚ್ಚಿ ಕೈಮುಗಿದೆವು. ನದಿಗಿಳಿಯಲು ಬಿಡದ ವಾಚ್‌ಮನ್ ಕೊಡಕ್ಕೆ ತನ್ನ ಕುಡಿಯುವ ಕ್ಯಾನಿನಿಂದ ಒಂದಿಷ್ಟು ನೀರು ಸುರಿದ. ಅಷ್ಟರಲ್ಲಿ ಗೈಡ್ ತನ್ನ ದಂಡಿನೊಂದಿಗೆ ಬಂದ. ಈ ಹೆಂಗಸರು ತಲೆತಲಾಂತರದಿಂದ ದೇವಿಯನ್ನು ಹೀಗೆ ದೂರದಿಂದಲೇ ಪೂಜಿಸುತ್ತಾರೆ, ಮುಟ್ಟುವುದು ಅವರಲ್ಲಿ ನಿಷಿದ್ಧ ಎಂದು ವಿವರಿಸಿದ. ಎಲ್ಲರೂ ಅಹಾ ಎಂದರು. ಒಬ್ಬಾಕೆ ಮೊಬೈಲ್ ಎತ್ತಿ, ದೇವಿ ಕಾಣುತ್ತಿಲ್ಲ, ಸ್ವಲ್ಪ ಸರಿಯಿರಿ ಎಂದಳು. ಸರಿದೆ. ಅಳು ಬಂತು.

ಮನೆ ಮುಟ್ಟುವವರೆಗೂ ಅವ್ವ ಒಂದೇ ಮಾತು ಕೇಳುತ್ತಿದ್ದಳು.

“ಕಂಬಿ ಈಚಿಂದ ಮಾಡಿದ್ದು ಅಕಿಗೆ ಮುಟ್ಟತದೇನವಾ?”