ಹೊಲಿಗೆಯೊಳಗಿನ ಎರಡಿಂಚು

ಭಾನುವಾರದ ಆರಾಧನೆಗೆ ಇನ್ನು ಅರ್ಧ ಗಂಟೆ ಇತ್ತು. ಚರ್ಚಿನ ಪಕ್ಕದ ಕೋಣೆಯಲ್ಲಿ ಗಣಿತದ ಮೇಷ್ಟ್ರು ಹಾಡಿನ ತಂಡದ ಮುಂದೆ ನಿಂತು ಎರಡೂ ಕೈ ಮೇಲೆತ್ತಿದರು. ಹಾಡಿಗೆ ಮೊದಲು ಕೋಟೇ ದನಿ ಎತ್ತಿತು. ಪರ್ರ್ ಎಂದು ಬೆನ್ನ ಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೆ ಬಿಟ್ಟುಕೊಂಡಿತು. ಹೆಂಗಸರೆಲ್ಲ ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿದರು, ಪುಸ್ತಕಗಳು ಕುಲುಕಾಡಿದವು.

“ಟೈಲರಮ್ಮನ್ನ ಕರೀತೀನಿ, ಕೊನೇ ಬೆಂಚಲ್ಲಿ ಕೂತಿದ್ದಾರೆ” ಎಂದರು ಮೇಷ್ಟ್ರ ಹೆಂಡತಿ.

“ಬೇರೆ ಯಾರೂ ಇಲ್ವಾ?”

“ಇದ್ದಾರೆ. ಆದ್ರೆ ಈ ಕೋಟು ಹೊಲಿದೋರು ಅವರೇ.”

ಮೇಷ್ಟ್ರು ಹಿಂಜರಿದದ್ದಕ್ಕೆ ಕಾರಣವಿತ್ತು. ಹೋದ ವರ್ಷ ಇದೇ ಕೋಟು ಹೊಲಿದಾಗ ಉಳಿದ ಬಟ್ಟೆಯೆಂದು ಟೈಲರಮ್ಮ ವಾಪಸು ಕೊಟ್ಟ ತುಂಡು ಕರವಸ್ತ್ರಕ್ಕೂ ಸಾಲದಷ್ಟಿತ್ತು. ಗಣಿತದವರು ಸುಮ್ಮನಿರುವುದುಂಟೆ? ಕೋಟನ್ನು ಮಂಚದ ಮೇಲೆ ಹರಡಿ, ಸ್ಕೇಲು ಹಿಡಿದು ತೋಳು, ಎದೆ, ಬೆನ್ನು ಅಳೆದು, ಕಾಲು ಮೀಟರು ನಾಪತ್ತೆ ಎಂದು ಸಾಧಿಸಿದರು. ಟೈಲರಮ್ಮ ಬಟ್ಟೆ ಕದ್ದರೆಂದು ಚರ್ಚಿನ ಬಾಗಿಲಲ್ಲಿ ನಾಲ್ಕು ಜನರಿಗೆ ಹೇಳಿದರು. ಆ ನಾಲ್ವರು ನಲವತ್ತು ಜನರಿಗೆ ಹೇಳಿದರು. ಈ ಗುಣಾಕಾರ ಮಾತ್ರ ತಪ್ಪಲಿಲ್ಲ.

ಇಪ್ಪತ್ತಾರು ವರ್ಷದ ಅಂಗಡಿ ಅದು. ಗಂಡ ತೀರಿಕೊಂಡ ಮೇಲೆ ಅತ್ತೆಯ ಹಳೇ ಹೊಲಿಗೆ ಯಂತ್ರವನ್ನು ಕಿಟಕಿ ಪಕ್ಕಕ್ಕೆ ಎಳೆದುಕೊಂಡು ಕೂತ ಟೈಲರಮ್ಮ, ಅದರ ಮೇಲೆಯೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದರು. ಯಾರ ಎಡಭುಜ ಇಳಿದಿದೆ, ಯಾರ ಬೆನ್ನು ಗೂನು, ಯಾರ ಹೊಟ್ಟೆ ಉಸಿರು ಹಿಡಿದಾಗ ಮಾತ್ರ ಇರುವುದಿಲ್ಲ, ಎಲ್ಲ ಅವರ ಅಳತೆ ಪುಸ್ತಕದಲ್ಲಿತ್ತು. ಒಂದೂ ಬಾಯಿಗೆ ಬಂದಿರಲಿಲ್ಲ. ಇಳಿದ ಭುಜಕ್ಕೆ ಸದ್ದಿಲ್ಲದೆ ಒಂದು ಮೆತ್ತೆ ಇಟ್ಟು ಹೊಲಿದುಬಿಡುವರು, ಅಷ್ಟೆ. ಈಗ ಆ ಅಂಗಡಿಗೆ ಅರ್ಧ ಜನ ಕಾಲಿಡುತ್ತಿರಲಿಲ್ಲ. ಹಾಡಿನ ತಂಡದ ಹೊಸ ನಿಲುವಂಗಿಗಳ ಕೆಲಸವೂ ಕೈತಪ್ಪಿದರೆ ಬಾಗಿಲು ಮುಚ್ಚುವುದೊಂದೇ ಬಾಕಿ.

ಟೈಲರಮ್ಮ ಬಂದರು. “ಬಿಚ್ಚಿ” ಎಂದರು. ಚೀಲದಿಂದ ಪುಟ್ಟ ಕತ್ತರಿ ತೆಗೆದು ಒಳಗಿನ ಲೈನಿಂಗ್ ಬಿಡಿಸಿದರು.

“ಬಟ್ಟೆ ಹರಿದಿಲ್ಲ. ದಾರ ಸೋತಿದೆ.”

ಮೇಷ್ಟ್ರು ಬಗ್ಗಿ ನೋಡಿದರು. ಹೊಲಿಗೆಯ ಎರಡೂ ಕಡೆ ಎರಡೆರಡು ಇಂಚು ಬಟ್ಟೆ ಮಡಚಿಕೊಂಡು ಮಲಗಿತ್ತು. ಪಕ್ಕೆಗಳಲ್ಲೂ ಹಾಗೆಯೇ, ತೋಳಲ್ಲೂ.

“ಇದು?”

“ನಿಮ್ಮ ಕಾಲು ಮೀಟರು.”

“ಯಾಕೆ ಆವತ್ತೇ ಹೇಳ್ಲಿಲ್ಲ?”

“ಹೊಸಾ ಕೋಟು ಕೈಗೆ ಕೊಡ್ತಾ, ಮುಂದಿನ ವರ್ಷ ಊದ್ಕೋತೀರ ಅಂತ ಹೇಗೆ ಹೇಳ್ಲಿ ಮೇಷ್ಟ್ರೇ?”

“ಕಳ್ಳಿ ಅಂತ ನಾನು ಹೇಳ್ದಾಗ್ಲಾದ್ರೂ?”

“ಅದನ್ನ ನೀವು ನನಗೆ ಹೇಳ್ಲೇ ಇಲ್ವಲ್ಲ. ಊರಿಗೆಲ್ಲ ಹೇಳಿದ್ರಿ.”

ಟೈಲರಮ್ಮ ಮಡಿಕೆಯನ್ನು ಕೊಂಚ ಬಿಚ್ಚಿ ಹೊಲಿಯತೊಡಗಿದರು; ಗಂಟೆ ಹೊಡೆಯುವ ಹೊತ್ತಿಗೆ ಸೂಜಿ ಕೆಲಸ ಮುಗಿಸಿತ್ತು. ಕೋಟು ಮೈಮೇಲೆ ಹೊಸದರಂತೆ ಕೂತಿತು.

ಆರಾಧನೆಯಲ್ಲಿ ಮೇಷ್ಟ್ರು ಹಾಡು ಶುರುಮಾಡಲಿಲ್ಲ. ಸೀದಾ ಮೈಕಿನ ಮುಂದೆ ಹೋಗಿ ನಿಂತರು. “ಟೈಲರಮ್ಮ ನನ್ನ ಬಟ್ಟೆ ಕದ್ದಿದ್ದಾರೆ ಅಂತ ಬಾಗಿಲಲ್ಲಿ ಹೇಳಿದ್ದೆ. ಆ ಬಟ್ಟೆ ಒಂದು ವರ್ಷದಿಂದ ನನ್ನ ಬೆನ್ನ ಮೇಲೇ ಇತ್ತು. ಲೆಕ್ಕ ತಪ್ಪಿದ್ದು ನಂದು. ಬಾಗಿಲಲ್ಲಿ ಹೇಳಿದ ಸುಳ್ಳನ್ನ ಇಲ್ಲಿ ನಿಂತು ವಾಪಸ್ ತಗೋತಿದ್ದೀನಿ.” ಹೀಗೆಂದು ತಿರುಗಿ ಬೆನ್ನು ತೋರಿಸಿದರು.

ಒಬ್ಬೊಬ್ಬರಾಗಿ ಎದ್ದ ಜನ ಕೊನೇ ಬೆಂಚಿನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಟೈಲರಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಮೇಷ್ಟ್ರು ಮತ್ತೆ ಎರಡೂ ಕೈ ಎತ್ತಿದರು. ಕೋಟು ತುಟಿಪಿಟಿಕ್ಕೆನ್ನಲಿಲ್ಲ, ಹಾಡು ಮಾತ್ರ ಛಾವಣಿ ಮುಟ್ಟಿತು. ಪರರಿಗೆ ತೀರ್ಪು ಕೊಡಬೇಡಿ, ಕ್ಷಮಿಸಿ, ಧಾರಾಳವಾಗಿ ಕೊಡಿ ಎಂಬ ಯೇಸುವಿನ ಉಪದೇಶದ ಮೇಲೆ ನಲವತ್ತು ನಿಮಿಷಕ್ಕೆ ಸಿದ್ಧರಾಗಿ ಬಂದಿದ್ದ ಪಾದ್ರಿಗಳಿಗೆ ಅಂದು ಹತ್ತೇ ನಿಮಿಷ ಸಾಕಾಯಿತು.

ಮರುದಿನ ಅಂಗಡಿ ಮುಂದೆ ಸಾಲು. ಕೆಲವರು ಮನೆಯಲ್ಲೇ ತಮ್ಮ ಬಟ್ಟೆ ತಿರುವಿ ನೋಡಿಕೊಂಡು ಬಂದಿದ್ದರು, ಎಲ್ಲರದರಲ್ಲೂ ಎರಡಿಂಚು. ನಿಲುವಂಗಿಗಳ ಬಟ್ಟೆಯ ಗಂಟನ್ನು ಹೆಗಲ ಮೇಲೆ ಹೊತ್ತು ತಂದವರು ಸ್ವತಃ ಮೇಷ್ಟ್ರು.

ಗಂಟು ಇಳಿಸಿ, ಸುಧಾರಿಸಿಕೊಂಡು ಕೇಳಿದರು: “ಟೈಲರಮ್ಮಾ, ನನ್ನ ಬಾಯಿ ನನಗೇ ಗೊತ್ತು. ನಾಳೆ ಇನ್ನೇನಾದ್ರೂ ಅಂದುಬಿಟ್ರೆ?”

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದವರು ತಲೆ ಎತ್ತಲಿಲ್ಲ.

“ಬಿಚ್ಚಿರೋದು ಒಂದೇ ಇಂಚು ಮೇಷ್ಟ್ರೇ. ಇನ್ನೊಂದು ಒಳಗೇ ಇದೆ.”