ತೋರಿಸಲೆಂದೇ ಕೆಡಿಸಿದ ಗುಂಡಿ

ಆಯುಧಪೂಜೆ ಕಳೆದ ಮೇಲೆ, ಒಂದು ಬುಧವಾರ ಬೆಳಗ್ಗೆ ಮೈಸೂರಿನ ಬಸ್ಸು ಹತ್ತಿ, ಶೂನ್ಯ ಟಿಕೆಟ್ ಪಡೆದು ಕಿಟಕಿ ಪಕ್ಕ ಕುಳಿತೆ. ನಾನು ಹುಣಸೂರು ಕಡೆಯ ಸಣ್ಣ ಪುರಸಭೆಯೊಂದರ ಆರೋಗ್ಯ ನಿರೀಕ್ಷಕಿ. ನಮ್ಮ ಗೊಬ್ಬರದ ಗುಂಡಿ ಗಬ್ಬೆದ್ದು ನಾರುತ್ತಿತ್ತು. ಸೋಮವಾರದೊಳಗೆ ವಾಸನೆ ನಿಲ್ಲದಿದ್ದರೆ ಗೇಟಿಗೆ ಬೀಗ ಜಡಿಯುತ್ತೇವೆಂದು ಪಕ್ಕದ ಬೀದಿಯ ಪಾರ್ವತಮ್ಮ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು ಹೇಳಿ ಹೋಗಿದ್ದರು. ಬೀಗ ಬಿದ್ದರೆ ಊರಿನ ಕಸ ಎಲ್ಲಿಗೆ ಒಯ್ಯುವುದು? ಗುಂಡಿ ಮಾಡಿಸಿದ ಹಿಂದಿನ ನಿರೀಕ್ಷಕರು ವರ್ಗವಾಗಿ ಹೋಗುವಾಗ ಬೀರುವಿನ ಚಾವಿ ಕೊಟ್ಟರೇ ಹೊರತು ಬುದ್ಧಿಮಾತು ಒಂದನ್ನೂ ಕೊಡಲಿಲ್ಲ. ಪುಣ್ಯಾತ್ಮರು, ಈಗ ಫೋನೂ ಎತ್ತುವುದಿಲ್ಲ. ಅದಕ್ಕೇ ಮೈಸೂರಿನವರ ಗುಂಡಿ ನೋಡಿ ಕಲಿತು ಬರೋಣವೆಂದು ಹೊರಟಿದ್ದೆ.

ಇಲವಾಲ ದಾಟುವಾಗ ತುಂತುರು ಮಳೆ. ಬಸ್ ನಿಲ್ದಾಣದಲ್ಲಿ ತಿಂದ ಇಡ್ಲಿಯೂ ರುಚಿಸಲಿಲ್ಲ. ಸಿಟಿ ಬಸ್ಸಿನಲ್ಲಿ ದಟ್ಟಗಳ್ಳಿ ತಲುಪಿದೆ. ಅಲ್ಲಿಗೆ ಹತ್ತಿರದ, ಕಸದಿಂದ ಗೊಬ್ಬರ ಮಾಡುವ ಘಟಕದ ಎಂಜಿನಿಯರ್ ಶಿವಣ್ಣ, ಐವತ್ತರ ಆಸುಪಾಸಿನ ಮಾತುಗಾರ. ಹೂದೋಟ, ಬಹುಮಾನದ ಫಲಕ ತೋರಿಸುತ್ತಾರೆ ಅಂದುಕೊಂಡಿದ್ದೆ. ಅವರು ನೇರ ಹಿತ್ತಲಿಗೆ ಕರೆದೊಯ್ದು ಒಂದು ಗುಂಡಿಯ ಟಾರ್ಪಾಲು ಸರಿಸಿದರು. ಗಪ್ಪನೆ ಬಂತು ನಾತ. ಅಯ್ಯೋ, ಥೇಟ್ ನಮ್ಮೂರಿನದೇ! ಮೂಗಿಗೆ ನಾತ ಬಡಿದು ಯಾರಾದರೂ ಸಂತೋಷಪಟ್ಟಿದ್ದುಂಟೇ? ನಾನು ಪಟ್ಟೆ.

"ಬೇಕಂತ್ಲೇ ಕೆಡ್ಸಿರೋದು ಕಣಮ್ಮ" ಎಂದರು ಶಿವಣ್ಣ. "ಪ್ರತಿ ಹಬ್ಬಕ್ಕೂ ಒಂದು ಗುಂಡಿ ಹಿಂಗೇ ಕೆಡುಸ್ತೀವಿ. ಯಾರೇ ಹೊಸಬ್ರು ಚಾರ್ಜ್ ತಗೊಳ್ಳೋಕೆ ಬಂದ್ರೂ ಮೊದ್ಲು ಇದುನ್ನ ಮೂಸ್ಬೇಕು. ಆಮೇಲೇ ಸೈನು."

ಪೂಜೆಗೆ ಒಡೆದ ಬೂದುಗುಂಬಳಕಾಯಿ, ಬಾಳೆಕಂದುಗಳನ್ನು ಹಾಗೇ ಸುರಿದರೆ ನೀರು ಕಟ್ಟಿ ಕೊಳೆಯುತ್ತದಂತೆ. ಮೊದಲು ನೀರು ಬಸಿಯಬೇಕು, ಆಮೇಲೆ ಒಂದು ಪದರ ಹಸಿ, ಒಂದು ಪದರ ತರಗೆಲೆ ಹಾಕಬೇಕು ಎಂದು ಪಕ್ಕದ ಗುಂಡಿ ತೋರಿಸಿದರು. ಅದರಲ್ಲಿ ಬರೀ ಮಣ್ಣಿನ ವಾಸನೆ. ತರಗೆಲೆಯನ್ನು ನಾವೇನು ಮಾಡುತ್ತೇವೆಂದು ಕೇಳಿದರು. ದಿನಾ ಗುಡಿಸಿ ಸುಡುತ್ತೇವೆ ಎಂದೆ. ನಕ್ಕರು, ಹಂಗಿಸಲಿಲ್ಲ, ಮೊದಮೊದಲು ಅವರೂ ಸುಡುತ್ತಿದ್ದರಂತೆ.

ವಾಪಸು ಬರುವಾಗ ರಸ್ತೆ ಬದಿಯ ಒಣಗಿದ ಎಲೆ ಕಂಡಲ್ಲೆಲ್ಲ ಆಸೆಯಿಂದ ನೋಡಿದೆ. ಮರುದಿನವೇ ಗುಂಡಿ ಅಗೆಸಿ, ನೀರು ಬಸಿಸಿ, ಊರಿನ ಪಾರ್ಕಿನ ತರಗೆಲೆಯನ್ನೆಲ್ಲ ತಂದು ಬೆರೆಸಿದೆವು. ದಿನಾ ತಿರುವಿ ಹಾಕಿಸಿದೆ.

ಸೋಮವಾರ ಪಾರ್ವತಮ್ಮ ಬೀಗ ಹಿಡಿದೇ ಬಂದರು. ಗುಂಡಿಯ ಅಂಚಿನಲ್ಲಿ ನಿಂತು ಮೂಸಿದರು. ಬಗ್ಗಿ ಇನ್ನೊಮ್ಮೆ ಮೂಸಿದರು.

"ಗೊಬ್ರ ಯಾವಾಗಾಯ್ತದೆ?" ಎಂದು ಕೇಳಿದರು. "ನಮ್ ಮಲ್ಲಿಗೆ ಗಿಡಕ್ಕೆ ಒಂದ್ ಮಂಕರಿ ಮಡಗಿರಿ."