ಬಿದ್ದದ್ದಕ್ಕೆ ಎಷ್ಟು?

ಮನೆಮಂದಿಯೆಲ್ಲ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಹೊಲಿಗೆ ಅಂಗಡಿ ಇಟ್ಟಿದ್ದಕ್ಕೋ ಅವಳ ಬಾಯಿಗೋ, ಕೇಳಿದರೆ ನಗುತ್ತಿದ್ದರು. ಯಾರದಾದರೂ ಬಟ್ಟೆ ತನ್ನ ಕೈಯಲ್ಲಿ ಕೆಟ್ಟರೆ, ಅವರು ಬಾಯಿ ಬಿಡುವ ಮೊದಲೇ ಹೊಸ ಬಟ್ಟೆ ತಂದು ಹೊಲಿದುಕೊಡುವ ಜಾಯಮಾನ ಅವಳದು. ಹಾಗಾಗಿ ಭಾವನ ಕ್ಯಾಮೆರಾ ಬಿದ್ದಾಗಲೂ ಅವಳು ನೆಪ ಹುಡುಕಲಿಲ್ಲ.

ಅಕ್ಕನ ಮನೆಯ ತಾರಸಿಯಲ್ಲಿ ಎಲ್ಲರೂ ಫೋಟೋಗೆಂದು ಸಾಲಾಗಿ ನಿಂತಿದ್ದರು. ಭಾವ "ಒಂದ್ನಿಮಿಷ ಹಿಡ್ಕೋ" ಎಂದು ಕ್ಯಾಮೆರಾ ಕೊಟ್ಟು ತಲೆ ಬಾಚಿಕೊಳ್ಳಲು ಹೋದ. ಅವಳು ಅದನ್ನು ಕುರ್ಚಿಯ ಮೇಲಿಟ್ಟು ಅಮ್ಮನ ರವಿಕೆಯ ತೋಳಿನ ಮಡಿಕೆ ಸರಿಮಾಡಲು ತಿರುಗಿದಳು. ಕುರ್ಚಿಯಿಂದ ಇಳಿಬಿದ್ದಿದ್ದ ಕ್ಯಾಮೆರಾದ ಪಟ್ಟಿ ಮೊಣಕಾಲಿಗೆ ಸಿಕ್ಕಿ ಎಳೆಯಿತು. ಕ್ಯಾಮೆರಾ ಮುಖ ಅಡಿಯಾಗಿ ನೆಲಕ್ಕೆ ಬಿತ್ತು.

"ಇದರ ಬೆಲೆ ಗೊತ್ತಾ ನಿಂಗೆ? ನಿನ್ನ ಅಂಗಡಿ ಮಾರಿದ್ರೂ ಹುಟ್ಟಲ್ಲ" ಎಂದ ಭಾವ, ಎಲ್ಲರೆದುರಿಗೆ. ಅಕ್ಕ ತಲೆ ತಗ್ಗಿಸಿ ನಿಂತಳು.

"ತಪ್ಪು ನಂದೇ ಭಾವ. ರಿಪೇರಿ ಖರ್ಚು ನಾನೇ ಕೊಡ್ತೀನಿ."

ಹದಿನೈದು ದಿನದ ಮೇಲೆ ಅವನು ಫೋನ್ ಮಾಡಿ, ಹಣ ಕಟ್ಟಿ ಕ್ಯಾಮೆರಾ ಬಿಡಿಸಿಕೊಂಡು ಬಾ ಎಂದ. ಹೇಳಿದ ಮೊತ್ತ ಅವಳು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿತ್ತು. ಆದರೂ ಉಳಿತಾಯದ ಹಣವನ್ನೆಲ್ಲ ತೆಗೆದುಕೊಂಡು ರಿಪೇರಿ ಅಂಗಡಿಗೆ ಹೋದಳು.

ರಿಪೇರಿಯವನು ಖುಷಿಯಿಂದಲೇ ಕ್ಯಾಮೆರಾ ತೋರಿಸಿದ. "ಲೆನ್ಸ್ ಒಳಗಿನ ಬೂಷ್ಟು ತೆಗೆದಿದೀನಿ, ಶಟರ್ ಹೊಸದು ಹಾಕಿದೀನಿ. ಹೋದ ವರ್ಷಾನೇ ಹೇಳಿದ್ದೆ ಸಾರ್‌ಗೆ. ಖರ್ಚು ಜಾಸ್ತಿ ಅಂತ ವಾಪಸ್ ತಗೊಂಡು ಹೋಗಿದ್ರು."

ಅವಳು ಹೊರತೆಗೆದಿದ್ದ ಹಣವನ್ನು ಕೈಯಲ್ಲೇ ಹಿಡಿದುಕೊಂಡಳು.

"ಬಿದ್ದದ್ದಕ್ಕೆ ಎಷ್ಟು?"

"ಬಿದ್ದದ್ದಕ್ಕಾ? ಮುಂದಿನ ಉಂಗುರ ಬಗ್ಗಿತ್ತು, ಅಷ್ಟೇ. ಒಟ್ಟು ಬಿಲ್ಲಲ್ಲಿ ಕಾಲು ಭಾಗ ಆಗ್ಬಹುದು."

ಕಾಲು ಭಾಗವನ್ನು ಎಣಿಸಿ ಮೇಜಿನ ಮೇಲಿಟ್ಟಳು. ಕ್ಯಾಮೆರಾ ಮುಟ್ಟಲಿಲ್ಲ. ಅಲ್ಲೇ ನಿಂತು ಭಾವನಿಗೆ ಫೋನ್ ಹಚ್ಚಿದಳು.

"ನಾನು ಕೆಡಿಸಿದ್ದಕ್ಕೆ ಕೊಟ್ಟಿದೀನಿ. ಮೊದಲೇ ಕೆಟ್ಟಿದ್ದಕ್ಕೆ ನೀವು ಕೊಟ್ಟು ಬಿಡಿಸ್ಕೊಳ್ಳಿ."

"ಮನೆಯವರ ಹತ್ರಾನೂ ಲೆಕ್ಕಾನಾ?"

"ಲೆಕ್ಕ ಶುರು ಮಾಡಿದ್ದು ನೀವು."

ಸಂಜೆ ಅಮ್ಮ ಬೈದಳು. ಅಳಿಯನ ಮುಂದೆ ನಾನು ಮುಖ ಎತ್ತಲಾಗದ ಹಾಗೆ ಮಾಡಿದೆ ಎಂದಳು. ತಾರಸಿಯಲ್ಲಿ ಎಲ್ಲರೆದುರಿಗೆ ಉಗಿಸಿಕೊಂಡವಳ ಮುಖದ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ.

ಕ್ಯಾಮೆರಾ ಎರಡು ತಿಂಗಳು ರಿಪೇರಿ ಅಂಗಡಿಯ ಕಪಾಟಿನಲ್ಲೇ ಕೂತಿತ್ತು. ಕೊನೆಗೆ ಭಾವನೇ ಉಳಿದ ಹಣ ತೆತ್ತು ಬಿಡಿಸಿಕೊಂಡ. ಅಲ್ಲಿಂದಾಚೆ ದಾರಿಯಲ್ಲಿ ಸಿಕ್ಕರೂ ಅವನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅಕ್ಕ ಬಟ್ಟೆ ಹೊಲಿಸುವ ನೆಪದಲ್ಲಿ ಬಂದು ಸ್ಟೂಲಿನ ಮೇಲೆ ಕೂತಳು. ಬಹಳ ಹೊತ್ತು ಚೀಲದ ಹಿಡಿಯನ್ನೇ ತಿರುಚುತ್ತಿದ್ದಳು.

"ಅದು ಮೊದಲೇ ಕೆಟ್ಟಿತ್ತು ಅಂತ ನಂಗೂ ಗೊತ್ತಿತ್ತು ಕಣೇ."

ಕತ್ತರಿಗೆ ಭಾವನ ಮೇಲಿದ್ದ ಸಿಟ್ಟು ಇದರ ಮುಂದೆ ಏನೇನೂ ಅಲ್ಲ ಅನ್ನಿಸಿತು. ಟೇಪು ತೆಗೆದು, ಅಕ್ಕನ ಭುಜದ ಅಳತೆ ತೆಗೆದುಕೊಂಡಳು. ಬಟ್ಟೆ ಯಾವತ್ತು ಸಿಗುತ್ತದೆ ಎಂದಷ್ಟೇ ಹೇಳಿದಳು.